ಮಲೆನಾಡಿನ ಬಚ್ಚಲೊಲೆ

ಮಲೆನಾಡಿನ ಗೃಹಸ್ಥನ ಮನೆಯಲ್ಲಿ ದೇವರ ಮುಂದಿನ ದೀಪಕ್ಕಿಂತಲೂ ಮೊದಲು ಹೊತ್ತುವುದು ಬಚ್ಚಲೊಲೆಯ ಬೆಂಕಿಯು. ಇನ್ನೂ ಮಬ್ಬುಗತ್ತಲೆಯಿರುವಾಗಲೇ ಮನೆಯ ಹೆಂಗಸರಲ್ಲಿ ಒಬ್ಬರು ಎದ್ದು, ಹಿಂದಿನ ದಿನದ ಬೂದಿಯನ್ನು ಕೆದಕಿ, ಒಂದು ಹಿಡಿ ಅಡಿಕೆಯ ಸಿಪ್ಪೆಯನ್ನು ಒಡ್ಡಿ, ಊದುಕೊಳವೆಯಿಂದ ಊದಿ, ಹಂಡೆಯ ಕೆಳಗೆ ಉರಿಯನ್ನೆಬ್ಬಿಸುವರು. ಯಜಮಾನನು ಹಾಸಿಗೆ ಬಿಟ್ಟು ಬರುವ ವೇಳೆಗೆ ನೀರು ಕಾದಿರುವುದು. ಅದು ಹೇಗೆ ಕಾಯಿತು, ಅದಕ್ಕಾಗಿ ಯಾರು ಎಷ್ಟು ಹೊಗೆ ಕುಡಿದರು ಎಂದು ಅವನು ಕೇಳುವುದಿಲ್ಲ. ಮೂವತ್ತೈದು ವರ್ಷ ಮಕ್ಕಳಿಗೆ ಪ್ರಶ್ನೆ ಹಾಕುವುದನ್ನೇ ಜೀವನೋಪಾಯವಾಗಿ ಮಾಡಿಕೊಂಡಿದ್ದ ನಾನು ಈ ಒಂದು ಪ್ರಶ್ನೆಯನ್ನು ನನ್ನ ಮನೆಯಲ್ಲಿ ಎಂದೂ ಕೇಳಿರಲಿಲ್ಲ. ಆ ತಪ್ಪನ್ನು ಒಪ್ಪಿಕೊಂಡೇ ಈ ಲೇಖನವನ್ನು ಆರಂಭಿಸುತ್ತೇನೆ.

ನಮ್ಮದು ಶಿರಸಿಯ ಸೀಮೆಯ ಒಂದು ಸಣ್ಣ ಹಳ್ಳಿ. ಅಡಿಕೆಯ ತೋಟ, ಅದರ ಮೇಲೆ ಸೊಪ್ಪಿನ ಬೆಟ್ಟ, ನಡುವೆ ಹಂಚಿನ ಮನೆಗಳು. ಈಚಿನ ಕೆಲವು ವರ್ಷಗಳಲ್ಲಿ ಸ್ನಾನದ ನೀರನ್ನು ಕಾಯಿಸುವ ಕ್ರಮವು ನಮ್ಮಲ್ಲಿ ಬದಲಾಗುತ್ತ ಬಂದಿದೆ. ಹಳೆಯದನ್ನೆಲ್ಲ ಕಿತ್ತೊಗೆಯಬೇಕೆನ್ನುವವರು ಕೆಲವರು. ಅಜ್ಜನು ಹಾಕಿದ ಒಲೆಯ ಒಂದು ಕಲ್ಲನ್ನೂ ಕದಲಿಸಬಾರದೆನ್ನುವವರು ಮತ್ತೆ ಕೆಲವರು. ನಾನು ಎರಡು ಪಕ್ಷಗಳಲ್ಲಿಯೂ ಒಂದೊಂದು ಕಾಲ ನಿಂತು, ಎರಡರಲ್ಲಿಯೂ ಸೋತು, ಕಡೆಗೆ ಒಂದು ಮಧ್ಯಮಾರ್ಗವನ್ನು ಹಿಡಿದವನು. ನಮ್ಮ ಅನುಭವವು ಇತರ ಗೃಹಸ್ಥರಿಗೆ ಉಪಯೋಗಕ್ಕೆ ಬಂದೀತೆಂಬ ನಂಬಿಕೆಯಿಂದ ಇದನ್ನು ಬರೆದಿದ್ದೇನೆ.

ಉಷ್ಣೋದಕದ ಮಹತ್ತ್ವ

ಬಿಸಿನೀರಿನ ಸ್ನಾನವು ಸುಖಲೋಲುಪತೆಯೆಂದು ಯಾರೂ ತಿಳಿಯಬಾರದು. ವಾಗ್ಭಟಾಚಾರ್ಯನು ತನ್ನ ಅಷ್ಟಾಂಗಹೃದಯದ ದಿನಚರ್ಯಾಧ್ಯಾಯದಲ್ಲಿ, ಕೊರಳಿನಿಂದ ಕೆಳಗಿನ ಅಂಗಗಳಿಗೆ ಬಿಸಿನೀರು ಬಲವನ್ನು ಕೊಡುವುದೆಂದೂ, ತಲೆಗೆ ಎರೆದರೆ ಕೂದಲಿಗೂ ಕಣ್ಣಿಗೂ ಹಿತವಲ್ಲವೆಂದೂ ಹೇಳಿದ್ದಾನೆ. ಶಾಸ್ತ್ರದ ಮಾತು ಹಾಗಿರಲಿ. ಆಷಾಢದ ಮಳೆಯಲ್ಲಿ ದಿನವಿಡೀ ತೋಟದಲ್ಲಿ ನೆನೆದು, ಕಾಲಿಗೆ ಹತ್ತಿದ ಉಂಬಳಗಳನ್ನು ಕಿತ್ತುಹಾಕುತ್ತ ಮನೆಗೆ ಬಂದವನಿಗೆ ಎರಡು ತಂಬಿಗೆ ಬಿಸಿನೀರು ಎಂತಹ ಔಷಧವೆಂಬುದನ್ನು ಮಲೆನಾಡಿಗರಿಗೆ ಹೇಳಬೇಕಾಗಿಲ್ಲ. ಬಾಣಂತಿಗೂ ಹಸುಳೆಗೂ ಮುದುಕರಿಗೂ ಅದಿಲ್ಲದೆ ನಡೆಯದು.

ಹಂಡೆಯು ನಮ್ಮಲ್ಲಿ ಬರಿಯ ಪಾತ್ರೆಯೂ ಅಲ್ಲ. ದೀಪಾವಳಿಯ ನೀರು ತುಂಬುವ ಹಬ್ಬದ ಸಂಜೆ ಅದನ್ನು ಬೆಳಗಿ, ಶೇಡಿ ಕೆಮ್ಮಣ್ಣುಗಳಿಂದ ಒಲೆಯ ಸುತ್ತ ಚಿತ್ತಾರ ಬರೆದು, ಮಾಲಿಂಗನ ಬಳ್ಳಿಯನ್ನು ಹಂಡೆಯ ಕೊರಳಿಗೆ ಸುತ್ತಿ, ಬಾವಿಯ ಹೊಸ ನೀರನ್ನು ತುಂಬಿ ಪೂಜಿಸುವೆವು. ನರಕಚತುರ್ದಶಿಯ ಬೆಳಗಿನ ಅಭ್ಯಂಗಕ್ಕೆ ಆ ನೀರೇ ಆಗಬೇಕು. ಇಂತಹ ಹಂಡೆಯನ್ನು ಮೂಲೆಗೆ ನೂಕುವ ಮಾತೆತ್ತಿದರೆ ಮನೆಯ ಹಿರಿಯರು ಮುನಿಯುವುದು ಸಹಜವೇ ಸರಿ.

ಉಳಿದುಹೋದ ಹೊಗೆ

ಅಡುಗೆಯ ಅನಿಲವು ನಮ್ಮ ಮನೆಗೆ ಬಂದು ಇಪ್ಪತ್ತು ವರ್ಷಗಳು ಮೀರಿದವು. ೨೦೧೬ರಲ್ಲಿ ಕೇಂದ್ರ ಸರಕಾರದ ಉಜ್ವಲಾ ಯೋಜನೆಯು ಪ್ರಾರಂಭವಾದ ಮೇಲೆ ಕೂಲಿಯವರ ಬಿಡಾರಗಳಿಗೂ ಸಿಲಿಂಡರು ಬಂದಿತು. ಊರಿನಿಂದ ಹೊಗೆಯು ಹೊರಟೇ ಹೋಯಿತೆಂದು ನಾನು ಭಾವಿಸಿದ್ದೆನು.

ಕೆಲವು ವರ್ಷಗಳ ಹಿಂದೆ ನಮ್ಮ ಮನೆಯಾಕೆಗೆ ಕೆಮ್ಮು ಹಿಡಿಯಿತು. ಮೆಣಸಿನ ಕಷಾಯ, ಜ್ಯೇಷ್ಠಮಧು, ಆಡುಸೋಗೆ ಎಲ್ಲವೂ ಆದವು. ಕೆಮ್ಮು ಮಾತ್ರ ಹೋಗಲಿಲ್ಲ. ಕಡೆಗೆ ಪಟ್ಟಣದ ಡಾಕ್ಟರರಲ್ಲಿಗೆ ಕರೆದುಕೊಂಡು ಹೋದೆನು. ಅವರು ಎದೆಯನ್ನು ಪರೀಕ್ಷಿಸಿ, "ಮನೆಯಲ್ಲಿ ಸೌದೆಯ ಒಲೆ ಉಂಟೇ?" ಎಂದು ಕೇಳಿದರು. ನಾನು ಸ್ವಲ್ಪ ಹೆಮ್ಮೆಯಿಂದಲೇ, "ಇಲ್ಲ ಡಾಕ್ಟರೇ, ಗ್ಯಾಸು ಬಂದು ಇಪ್ಪತ್ತು ವರ್ಷವಾಯಿತು" ಎಂದೆನು. ಆಕೆ ತಲೆ ತಗ್ಗಿಸಿಕೊಂಡೇ ಮೆಲ್ಲಗೆ, "ಬಚ್ಚಲಲ್ಲಿ ಉಂಟು" ಎಂದಳು.

ಆ ಎರಡು ಶಬ್ದಗಳಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಮದುವೆಯಾಗಿ ಮೂವತ್ತನಾಲ್ಕು ವರ್ಷ ಪ್ರತಿದಿನ ಬೆಳಿಗ್ಗೆಯೂ ಸಂಜೆಯೂ ಆಕೆ ಆ ಒಲೆಯ ಮುಂದೆ ಬಗ್ಗಿದ್ದಳು. ಅಡುಗೆಮನೆಗೆ ಕಿಟಕಿಯಾದರೂ ಇದ್ದಿತು. ಬಚ್ಚಲುಮನೆಗೆ ಹಂಚಿನ ಸಂದಿಯೇ ಗತಿ. ಅತಿಥಿಗಳು ಕಾಣುವ ಅಡುಗೆಮನೆಯನ್ನು ನಾವು ಸುಧಾರಿಸಿದೆವು. ಯಾರೂ ಕಾಣದ ಬಚ್ಚಲನ್ನು ಮರೆತೆವು. ನಮ್ಮ ಊರೊಂದರ ಕಥೆಯೇ ಇದಲ್ಲ. ಅಡುಗೆಗೆ ಅನಿಲ, ಸ್ನಾನಕ್ಕೆ ಸೌದೆ ಎಂಬ ಪದ್ಧತಿಯು ಮಲೆನಾಡಿನ ಅನೇಕ ಮನೆಗಳಲ್ಲಿ ಇಂದಿಗೂ ಉಂಟು. ಮನೆಯೊಳಗಿನ ಇಂತಹ ಹೊಗೆಯಿಂದ ೨೦೨೦ನೆಯ ಒಂದು ವರ್ಷದಲ್ಲಿಯೇ ಲೋಕದಲ್ಲಿ ಸುಮಾರು ೩೨ ಲಕ್ಷ ಜನರು ಅಕಾಲಮರಣಕ್ಕೆ ತುತ್ತಾದರೆಂದು ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿದೆ.

ಇನ್ನೊಂದು ಸಂಗತಿಯೂ ನೆನಪಿಗೆ ಬಂದಿತು. ೧೯೮೩ರಲ್ಲಿ ನಮ್ಮ ತಾಲೂಕಿನ ಸಾಲ್ಕಣಿಯ ಜನರು ಗುತ್ತಿಗೆದಾರರ ಕೊಡಲಿಗೆ ಅಡ್ಡವಾಗಿ ಮರಗಳನ್ನು ಅಪ್ಪಿ ನಿಂತರು. ಅಪ್ಪಿಕೋ ಎಂಬ ಹೆಸರಿನಿಂದ ಆ ಚಳವಳಿಯು ಪ್ರಸಿದ್ಧವಾಯಿತು. ಆಗ ಹತ್ತೊಂಬತ್ತರ ಹರೆಯದವನಾಗಿದ್ದ ನಾನೂ ಕಾಡಿನ ಪರವಾಗಿ ಬಹಳ ಮಾತನಾಡಿದ್ದೆನು. ಮಾತು ಮುಗಿಸಿ ಮನೆಗೆ ಬಂದು, ಅದೇ ಕಾಡಿನ ಕಟ್ಟಿಗೆಯಿಂದ ಕಾದ ನೀರನ್ನು ತಂಬಿಗೆಗಟ್ಟಲೆ ಮೈಮೇಲೆ ಸುರಿದುಕೊಂಡೆನು. ಆ ಎರಡಕ್ಕೂ ಸಂಬಂಧವುಂಟೆಂಬುದು ಅಂದು ತೋರಲೇ ಇಲ್ಲ.

ಒಂದು ಸಣ್ಣ ಲೆಕ್ಕ

ಶಾಲೆಯ ಅಭ್ಯಾಸವು ಬಿಡಲಾರದು. ಆದುದರಿಂದ ಒಂದು ಲೆಕ್ಕವನ್ನು ಮಾಡಿದೆನು. ವಾಚಕರು ಬೇಸರಿಸದೆ ಅದನ್ನು ನೋಡಬೇಕು.

ಒಂದು ಲೀಟರು ನೀರನ್ನು ಒಂದು ಡಿಗ್ರಿಯಷ್ಟು ಬಿಸಿ ಮಾಡಲು ಒಂದು ಕಿಲೋಕ್ಯಾಲರಿ ಶಾಖ ಬೇಕು. ಆರು ಜನರ ಮನೆಯೆಂದು ಇಟ್ಟುಕೊಳ್ಳೋಣ. ಒಬ್ಬೊಬ್ಬರಿಗೆ ೨೫ ಲೀಟರಿನಂತೆ ೧೫೦ ಲೀಟರು ಹದವಾದ ಬಿಸಿನೀರು ಬೇಕು. ಬಾವಿಯ ನೀರು ೨೨ ಡಿಗ್ರಿ, ಮೈಗೆ ಹಿತವಾದ ನೀರು ೪೨ ಡಿಗ್ರಿಯೆಂದರೆ, ೨೦ ಡಿಗ್ರಿ ಏರಬೇಕು. ಅಂದರೆ ದಿನಕ್ಕೆ ೩,೦೦೦ ಕಿಲೋಕ್ಯಾಲರಿ. ವಿದ್ಯುತ್ತಿನ ಭಾಷೆಯಲ್ಲಿ ಮೂರೂವರೆ ಯುನಿಟ್ಟು.

ಚೆನ್ನಾಗಿ ಒಣಗಿದ ಒಂದು ಕಿಲೋ ಕಟ್ಟಿಗೆಯಲ್ಲಿ ಸುಮಾರು ೩,೫೦೦ ಕಿಲೋಕ್ಯಾಲರಿ ಶಾಖವು ಅಡಗಿದೆ. ಹಾಗಾದರೆ ಆರು ಜನರ ಸ್ನಾನಕ್ಕೆ ಒಂದು ಕಿಲೋ ಕಟ್ಟಿಗೆಯೂ ಪೂರ್ತಿಯಾಗಿ ಬೇಡ! ಆದರೆ ನಾವು ಸುಡುತ್ತಿದ್ದುದು ಎಷ್ಟು? ತೆರೆದ ಬಾಯಿಯ ಹಳೆಯ ಒಲೆಯಲ್ಲಿ ನೂರು ಪಾಲು ಶಾಖದಲ್ಲಿ ಪಾತ್ರೆಗೆ ಮುಟ್ಟುವುದು ಹತ್ತರಿಂದ ಹದಿನೈದು ಪಾಲು ಮಾತ್ರ. ಹನ್ನೆರಡು ಪಾಲೆಂದು ಹಿಡಿದರೂ ದಿನಕ್ಕೆ ಏಳು ಕಿಲೋ ಕಟ್ಟಿಗೆ ಬೇಕು. ಅಡಿಕೆ ತೂಗುವ ತಕ್ಕಡಿಯಲ್ಲಿ ಒಂದು ವಾರ ನಮ್ಮ ಸೌದೆಯನ್ನು ತೂಗಿ ನೋಡಿದೆನು. ಲೆಕ್ಕಕ್ಕೂ ತಕ್ಕಡಿಗೂ ಬಹಳ ಅಂತರವಿರಲಿಲ್ಲ. ವರ್ಷಕ್ಕೆ ಎರಡೂವರೆ ಟನ್ನಿಗೆ ಮೇಲಾಯಿತು. ಅದರಲ್ಲಿ ಎರಡು ಟನ್ನಿಗಿಂತ ಹೆಚ್ಚು ಭಾಗವು ನೀರನ್ನು ಕಾಯಿಸದೆ ಗೋಡೆಯನ್ನೂ ಗಾಳಿಯನ್ನೂ ಕಾಯಿಸಿ, ಹೆಂಗಸರ ಎದೆಯನ್ನು ಹೊಕ್ಕಿತ್ತು.

ಉತ್ತರ ಕನ್ನಡದ ಘಟ್ಟದ ಮೇಲಿನ ತಾಲೂಕುಗಳಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟವನ್ನು ಬಿಟ್ಟುಕೊಡುವ ಏರ್ಪಾಡು ಬ್ರಿಟಿಷರ ಕಾಲದಿಂದಲೂ ಬಂದುದು. ಗೊಬ್ಬರಕ್ಕೆ ಸೊಪ್ಪು, ಒಲೆಗೆ ಒಣಗಿದ ಕಟ್ಟಿಗೆ ಎಂಬುದು ಅದರ ಉದ್ದೇಶ. ಬೆಟ್ಟವು ಬೆಳೆಯುವುದಕ್ಕಿಂತ ಬೇಗ ಬಚ್ಚಲೊಲೆಯು ತಿಂದರೆ ತೋಟವು ಹಸಿದು ಕೂಡುವುದರಲ್ಲಿ ಸಂದೇಹವಿಲ್ಲ.

ನನ್ನ ಅವಸರದ ಫಲ

ಲೆಕ್ಕವು ಮುಗಿದ ಕೂಡಲೇ ಸೌರಯಂತ್ರವನ್ನು ತರಿಸಲು ನಿಶ್ಚಯಿಸಿದೆನು. ಬೆಂಗಳೂರಿನ ಮನೆಗಳ ಮೇಲೆ ಸಾಲಾಗಿ ನಿಂತ ಆ ಯಂತ್ರಗಳನ್ನು ನೋಡಿದ್ದೆನು. ೨೦೦೭ರಲ್ಲಿ ಕರ್ನಾಟಕ ಸರಕಾರವು ಕೆಲವು ಬಗೆಯ ಹೊಸ ಕಟ್ಟಡಗಳಿಗೆ ಅದನ್ನು ಕಡ್ಡಾಯ ಮಾಡಿದ ಮೇಲಂತೂ ಅವು ಅಲ್ಲಿ ಬಹಳ ಹಬ್ಬಿದವು.

ಯಂತ್ರದ ತತ್ತ್ವವು ಸರಳವಾದುದು. ೧೭೬೭ರಲ್ಲಿ ಜಿನೀವಾದ ಸೊಸ್ಯೂರ್ ಎಂಬ ಪಂಡಿತನು ಗಾಜು ಮುಚ್ಚಿದ ಪೆಟ್ಟಿಗೆಯನ್ನು ಬಿಸಿಲಿಗಿಟ್ಟು, ಒಳಗಿನ ಶಾಖವು ನೀರು ಕುದಿಯುವ ಮಟ್ಟವನ್ನೂ ಮೀರುವುದನ್ನು ಕಂಡನು. ೧೮೯೧ರಲ್ಲಿ ಅಮೆರಿಕದ ಬಾಲ್ಟಿಮೋರಿನ ಕ್ಲಾರೆನ್ಸ್ ಕೆಂಪ್ ಎಂಬಾತನು ಅಂತಹ ಪೆಟ್ಟಿಗೆಯೊಳಗೆ ನೀರಿನ ತೊಟ್ಟಿಗಳನ್ನಿಟ್ಟು ಅದಕ್ಕೆ ಹಕ್ಕುಪತ್ರ ಪಡೆದನು. ಆದರೆ ಅವನ ನೀರು ಸಂಜೆಗೆ ಬಿಸಿ, ಬೆಳಿಗ್ಗೆ ತಣ್ಣಗೆ. ೧೯೦೯ರಲ್ಲಿ ಕ್ಯಾಲಿಫೋರ್ನಿಯದ ವಿಲಿಯಂ ಬೇಯ್ಲಿ ಎಂಬವನು ಬಿಸಿಲು ಹಿಡಿಯುವ ಫಲಕವನ್ನೂ ನೀರನ್ನು ಕಾಪಿಡುವ ತೊಟ್ಟಿಯನ್ನೂ ಬೇರೆ ಬೇರೆ ಮಾಡಿ, ತೊಟ್ಟಿಯನ್ನು ಮೇಲೆ ಇರಿಸಿ ಶಾಖ ಸೋರದಂತೆ ಹೊದಿಸಿದನು. ಕಾದ ನೀರು ಹಗುರವಾಗಿ ತಾನೇ ಮೇಲೇರಿ ತೊಟ್ಟಿಯನ್ನು ಸೇರುವುದು. ತಣ್ಣೀರು ಇಳಿದು ಫಲಕಕ್ಕೆ ಬರುವುದು. ಪಂಪೂ ಬೇಡ, ವಿದ್ಯುತ್ತೂ ಬೇಡ. ಹಗಲಿನ ಬಿಸಿಲನ್ನು ಮರುದಿನದ ಬೆಳಗಿನವರೆಗೆ ಕೂಡಿಡುವ ಈ ಉಪಾಯವೇ ಇಂದಿನ ನಮ್ಮ ಯಂತ್ರಗಳಿಗೂ ಮೂಲ.

ನಮ್ಮ ನಾಡಿನಲ್ಲಿ ಬಿಸಿಲು ಚೆನ್ನಾಗಿರುವ ದಿನ ಒಂದು ಚದರ ಮೀಟರಿನ ಮೇಲೆ ಸುಮಾರು ಐದು ಯುನಿಟ್ಟಿನಷ್ಟು ಶಾಖವು ಬೀಳುವುದು. ಎರಡು ಚದರ ಮೀಟರಿನ ಫಲಕವು ಅದರಲ್ಲಿ ಅರ್ಧಕ್ಕೆ ಸ್ವಲ್ಪ ಕಡಿಮೆಯನ್ನು ಹಿಡಿದರೂ ನಾಲ್ಕೂವರೆ ಯುನಿಟ್ಟಾಯಿತು. ನಮಗೆ ಬೇಕಾದುದು ಮೂರೂವರೆ. ಆದುದರಿಂದ ನೂರು ಲೀಟರಿನ ಯಂತ್ರವು ಆರು ಜನರಿಗೆ ಸಾಕು. ಅದರ ಕಾದ ನೀರಿಗೆ ತಣ್ಣೀರನ್ನು ಬೆರೆಸಿಕೊಳ್ಳುವುದು ತಾನೇ?

ಏಪ್ರಿಲ್ ತಿಂಗಳಲ್ಲಿ ಯಂತ್ರವು ಬಂದು ಅಂಗಳದ ಅಂಚಿನಲ್ಲಿ ನಿಂತಿತು. ಮರುದಿನವೇ ಕೈ ಸುಡುವಷ್ಟು ಬಿಸಿನೀರು. ಎರಡು ತಿಂಗಳು ನನ್ನ ಸಂಭ್ರಮಕ್ಕೆ ಪಾರವಿರಲಿಲ್ಲ. ಹಳೆಯ ಒಲೆಯನ್ನು ಒಡೆಸಿ ಜಾಗ ಬಿಡಿಸೋಣವೆಂದೂ ಹೇಳಿದೆನು. "ಮಳೆಗಾಲವೊಂದು ಕಳೆಯಲಿ" ಎಂದು ಮನೆಯಾಕೆ ತಡೆದಳು.

ಜೂನ್ ತಿಂಗಳಲ್ಲಿ ಮಳೆ ಹಿಡಿಯಿತು. ಮಲೆನಾಡಿನ ಮಳೆಯನ್ನು ಬಯಲುಸೀಮೆಯವರಿಗೆ ತಿಳಿಸಿ ಹೇಳುವುದು ಕಷ್ಟ; ಆಗುಂಬೆಯಂತಹ ಊರಿನಲ್ಲಿ ವರ್ಷಕ್ಕೆ ಸರಾಸರಿ ೭,೦೦೦ ಮಿಲಿಮೀಟರಿಗೂ ಮೇಲ್ಪಟ್ಟು ಮಳೆ ಬೀಳುವುದು. ನಮ್ಮಲ್ಲಿ ಅಷ್ಟಿಲ್ಲವಾದರೂ ವಾರಗಟ್ಟಲೆ ಸೂರ್ಯದರ್ಶನವಿಲ್ಲದಿರುವುದು ಹೊಸತಲ್ಲ. ಬಿಸಿನೀರು ಅತ್ಯಗತ್ಯವಾದ ಆ ನಾಲ್ಕು ತಿಂಗಳಲ್ಲಿಯೇ ಯಂತ್ರವು ಕೈಬಿಟ್ಟಿತು. ಒಂದು ಸಂಜೆ ನಲ್ಲಿಯನ್ನು ತಿರುಗಿಸಿ ತಣ್ಣೀರನ್ನು ಮುಟ್ಟಿ ನಿಂತಿದ್ದೆನು. ಆಕೆ ಹೊಗೆಯ ನಡುವಿನಿಂದ ಕೆಮ್ಮುತ್ತಲೇ ಅಂದಳು: "ನೋಡಿ, ನಿಮ್ಮ ಶಾಲೆಗೆ ಬೇಸಗೆಯಲ್ಲಿ ರಜೆ, ನಿಮ್ಮ ಯಂತ್ರಕ್ಕೆ ಮಳೆಗಾಲದಲ್ಲಿ ರಜೆ. ಬಚ್ಚಲೊಲೆಗೆ ಮಾತ್ರ ವರ್ಷವಿಡೀ ಪಾಠ." ಆಕೆ ನಕ್ಕೇ ಅಂದಳು, ನನಗೆ ನಗು ಬರಲಿಲ್ಲ.

ಮಳೆ ಕಳೆದ ಮೇಲೆ ಮತ್ತೊಂದು ಪೆಟ್ಟು ಕಾದಿತ್ತು. ದಶಂಬರದಲ್ಲಿ ಬಿಸಿಲು ಚೆನ್ನಾಗಿದ್ದರೂ ನೀರು ಉಗುರುಬೆಚ್ಚಗಷ್ಟೇ ಬರತೊಡಗಿತು. ಯಂತ್ರವು ಕೆಟ್ಟಿತೆಂದು ಅಂಗಡಿಯವರಿಗೆ ಫೋನು ಮಾಡಿ ಬಿರುನುಡಿಗಳನ್ನಾಡಿದೆನು. ಬಂದ ಹುಡುಗನು ಏನನ್ನೂ ಬಿಚ್ಚಲಿಲ್ಲ. ದಕ್ಷಿಣದಲ್ಲಿದ್ದ ಹಲಸಿನ ಮರವನ್ನು ತೋರಿಸಿ, "ಸಾರ್, ನೆರಳು" ಎಂದನು. ಏಪ್ರಿಲಿನಲ್ಲಿ ಸೂರ್ಯನು ನೆತ್ತಿಯ ಮೇಲೆ ಸಾಗುವನು. ದಕ್ಷಿಣಾಯನದ ಕೊನೆಯಲ್ಲಿ ತೆಂಕಣಕ್ಕೆ ಬಾಗಿ ಸಾಗುವನು. ಮಧ್ಯಾಹ್ನದವರೆಗೂ ಹಲಸಿನ ನೆರಳು ಫಲಕದ ಮೇಲೆ ಬಿದ್ದಿದ್ದಿತು. ಉತ್ತರಾಯಣ ದಕ್ಷಿಣಾಯನಗಳನ್ನು ಎಷ್ಟು ತರಗತಿಗಳಿಗೆ ಬೋಧಿಸಿದ್ದೆನೋ! ಅಂಗಳದಲ್ಲಿ ನಿಂತು ಒಮ್ಮೆ ತಲೆಯೆತ್ತಿ ನೋಡುವ ವ್ಯವಧಾನವು ಮಾತ್ರ ನನಗಿರಲಿಲ್ಲ. ಮರವನ್ನು ಕಡಿಯಲು ಮನಸ್ಸು ಒಪ್ಪಲಿಲ್ಲ. ಯಂತ್ರವನ್ನೇ ಅಡಿಕೆ ಒಣಗಿಸುವ ಜಾಗದ ಮಗ್ಗುಲಿಗೆ ಸಾಗಿಸಿದೆವು.

ಒಲೆಯನ್ನು ತಿದ್ದಿದ ಬಗೆ

ಈ ಎರಡು ಸೋಲುಗಳಿಂದ ನನಗೆ ತಿಳಿದುದಿಷ್ಟು: ಮಲೆನಾಡಿನಲ್ಲಿ ಸೂರ್ಯನು ಎಂಟು ತಿಂಗಳ ಸೇವಕನು, ಉಳಿದ ನಾಲ್ಕು ತಿಂಗಳಿಗೆ ಬೆಂಕಿಯೇ ಬೇಕು. ಹಾಗಾದರೆ ಒಲೆಯನ್ನು ಒಡೆಯುವುದೂ ಸಲ್ಲದು, ಇದ್ದಂತೆಯೇ ಇಟ್ಟುಕೊಳ್ಳುವುದೂ ಸಲ್ಲದು, ತಿದ್ದಬೇಕು.

ಈ ಕೆಲಸಕ್ಕೆ ದಾರಿಯು ನಮ್ಮ ನಾಡಿನಲ್ಲಿಯೇ ಸಿದ್ಧವಾಗಿದ್ದಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ, ಅಮೂಲ್ಯ ರೆಡ್ಡಿಯವರೇ ಮೊದಲಾದ ವಿದ್ವಾಂಸರ ಪ್ರಯತ್ನದಿಂದ, ಗ್ರಾಮಗಳಿಗೆ ಉಪಯುಕ್ತವಾದ ತಂತ್ರವಿದ್ಯೆಯನ್ನು ರೂಪಿಸುವುದಕ್ಕಾಗಿ 'ಅಸ್ತ್ರ' ಎಂಬ ವಿಭಾಗವು ಹುಟ್ಟಿತು. ತುಮಕೂರು ಜಿಲ್ಲೆಯ ಕುಣಿಗಲು ತಾಲೂಕಿನ ಉಂಗ್ರ ಗ್ರಾಮದಲ್ಲಿ ಅವರ ಪ್ರಯೋಗಕೇಂದ್ರವಿದ್ದಿತು. ಅಲ್ಲಿಂದ ಹೊರಬಂದ 'ಅಸ್ತ್ರ ಒಲೆ'ಯು ಕರ್ನಾಟಕದ ಹಳ್ಳಿಹಳ್ಳಿಗಳಲ್ಲಿ ಹೆಸರು ಪಡೆಯಿತು. ಅದು ಅಡುಗೆಯ ಒಲೆಯಾದರೂ ಅದರ ತತ್ತ್ವಗಳು ಬಚ್ಚಲೊಲೆಗೂ ಹಾಗೆಯೇ ಸಲ್ಲುವುವು. ನಮ್ಮ ಊರಿನ ಮೇಸ್ತ್ರಿಯನ್ನು ಕೂರಿಸಿಕೊಂಡು ಆ ತತ್ತ್ವಗಳನ್ನು ಒಂದೊಂದಾಗಿ ವಿಚಾರಿಸಿದೆವು.

ಮೊದಲನೆಯದು ಗಾಳಿ. ಹಳೆಯ ಒಲೆಯಲ್ಲಿ ಕಟ್ಟಿಗೆಯು ಬೂದಿಯ ಮೇಲೆ ಮಲಗಿರುವುದು. ಅಡಿಯಿಂದ ಗಾಳಿಯಿಲ್ಲದೆ ಉರಿಯುವುದಕ್ಕಿಂತ ಹೊಗೆಯುವುದೇ ಹೆಚ್ಚು. ಕಬ್ಬಿಣದ ಸರಳುಗಳ ಜಾಲರಿಯನ್ನು ಹಾಕಿ ಅದರ ಮೇಲೆ ಕಟ್ಟಿಗೆಯನ್ನಿಟ್ಟರೆ ಬೂದಿಯು ಕೆಳಗೆ ಬೀಳುವುದು, ಗಾಳಿಯು ಮೇಲೇರುವುದು. ಊದುಕೊಳವೆಯ ಕೆಲಸವು ತಪ್ಪುವುದು.

ಎರಡನೆಯದು ಬಾಯಿ. ಒಲೆಯ ಬಾಯಿ ದೊಡ್ಡದಾದಷ್ಟೂ ಶಾಖವು ಹೊರಗೆ ಹೋಗುವುದು. ಬಾಯಿಯನ್ನು ಕಿರಿದು ಮಾಡಿ ತಗಡಿನ ಬಾಗಿಲನ್ನಿಟ್ಟೆವು.

ಮೂರನೆಯದು ಹಂಡೆಯ ಸುತ್ತಣ ಸಂದು. ಮೊದಲು ನಮ್ಮ ಹಂಡೆಯು ಮೂರು ಕಲ್ಲುಗಳ ಮೇಲೆ ಕುಳಿತಿದ್ದಿತು. ಉರಿಯು ತಳವನ್ನು ನೆಕ್ಕಿ ಓಡಿಹೋಗುತ್ತಿದ್ದಿತು. ಈಗ ಹಂಡೆಯನ್ನು ಒಲೆಯೊಳಗೆ ಹೆಗಲಿನವರೆಗೆ ಇಳಿಸಿ, ಸುತ್ತಲೂ ಒಂದು ಬೆರಳಿನಷ್ಟು ಸಂದನ್ನು ಬಿಟ್ಟೆವು. ಬಿಸಿಗಾಳಿಯು ಆ ಸಂದಿನಲ್ಲಿ ಹಂಡೆಯ ಮೈಯನ್ನು ತಬ್ಬಿಕೊಂಡೇ ಮೇಲೇರಬೇಕು. ಹಳೆಯ ಮೈಸೂರಿನ ಕಡೆಯ ತಾಮ್ರದ ಬಾಯ್ಲರನ್ನು ನೋಡಿದವರಿಗೆ ಈ ಯುಕ್ತಿಯು ಬೇಗ ತಿಳಿಯುವುದು; ಅದರಲ್ಲಿ ಬೆಂಕಿಯ ಕೊಳವೆಯು ನೀರಿನ ನಡುವೆಯೇ ಹಾಯ್ದಿರುವುದು.

ನಾಲ್ಕನೆಯದು ಹೊಗೆಕೊಳವೆ. ಇದು ಮಾಡಿನ ತುದಿಗಿಂತ ಎತ್ತರವಾಗಿರಬೇಕು. ಇಲ್ಲವಾದರೆ ಗಾಳಿಯು ಹೊಗೆಯನ್ನು ಮರಳಿ ಒಳಕ್ಕೆ ನೂಕುವುದು. ಮಳೆನೀರು ಇಳಿಯದಂತೆ ಮೇಲೊಂದು ಟೋಪಿ, ಉರಿಯನ್ನು ಹದಮಾಡಲು ಒಳಗೊಂದು ತಗಡು. ವರ್ಷಕ್ಕೆ ಎರಡು ಸಲ ಕೊಳವೆಯ ಮಸಿಯನ್ನು ತೆಗೆಯತಕ್ಕದ್ದು.

ಇವು ನಾಲ್ಕು ಮೇಸ್ತ್ರಿಯ ಕೆಲಸಗಳು. ಇನ್ನು ಮೂರು ಮನೆಯವರ ಕೆಲಸಗಳು: ಹಂಡೆಗೆ ಸರಿಯಾದ ಮುಚ್ಚಳವಿಡುವುದು, ಹಂಡೆಯ ಹೊರಮೈಯ ಮಸಿಯನ್ನು ಆಗಾಗ ಕೆರೆದು ತೆಗೆಯುವುದು, ಏಕೆಂದರೆ ಮಸಿಯು ಶಾಖಕ್ಕೆ ಕಂಬಳಿಯಂತೆ ಅಡ್ಡ ನಿಲ್ಲುವುದು, ಕಟ್ಟಿಗೆಯನ್ನು ಮುಂಗೈ ದಪ್ಪಕ್ಕೆ ಸೀಳಿ, ಒಂದು ಬೇಸಗೆಯನ್ನು ಪೂರ್ತಿಯಾಗಿ ಬಿಸಿಲಿನಲ್ಲಿ ಕಳೆಸಿ ಕೊಟ್ಟಿಗೆಯಲ್ಲಿ ಒಟ್ಟುವುದು. ಹಸಿಯ ಕಟ್ಟಿಗೆಯನ್ನು ಸುಡುವವನು ಮೊದಲು ಕಟ್ಟಿಗೆಯೊಳಗಿನ ನೀರನ್ನು ಕಾಯಿಸಿ, ಆಮೇಲೆ ಹಂಡೆಯ ನೀರನ್ನು ಕಾಯಿಸುವನು.

ಒಲೆಯ ಕೆಲಸ ಮುಗಿದು ಮೊದಲ ಸಲ ಉರಿ ಹಾಕಿದ ದಿನ ನಾವೆಲ್ಲರೂ ಬಚ್ಚಲಿನಲ್ಲಿ ಸೇರಿದ್ದೆವು. ಹೊಗೆಯು ಒಳಗೆ ಬರಲಿಲ್ಲ. ಮನೆಯಾಕೆ ಒಲೆಯನ್ನು ನೋಡದೆ ಅಂಗಳಕ್ಕೆ ಹೋಗಿ, ಮಾಡಿನ ಮೇಲಿನಿಂದ ತೆಳ್ಳಗೆ ಏಳುತ್ತಿದ್ದ ಹೊಗೆಯನ್ನೇ ಬಹಳ ಹೊತ್ತು ನೋಡುತ್ತ ನಿಂತಳು. "ಇಷ್ಟು ವರ್ಷ ಇದು ಒಳಗಿತ್ತಲ್ಲ" ಎಂದಳು. ಆಕೆಯ ಕೆಮ್ಮು ಒಂದೇ ದಿನದಲ್ಲಿ ಹೋಯಿತೆಂದು ಬರೆದರೆ ಅದು ಸುಳ್ಳಾದೀತು. ಇಂದಿಗೂ ಥಂಡಿಯ ದಿನಗಳಲ್ಲಿ ಅದು ತಲೆಯೆತ್ತುವುದು. ಮೂವತ್ತನಾಲ್ಕು ವರ್ಷಗಳ ಹೊಗೆಯನ್ನು ಯಾವ ಹೊಗೆಕೊಳವೆಯೂ ಹಿಂದಕ್ಕೆ ಎಳೆಯಲಾರದು. ಆದರೆ ಸೊಸೆಯು ಈಗ ಒಲೆಯ ಮುಂದೆ ಕಣ್ಣೊರೆಸಿಕೊಳ್ಳದೆ ನಿಲ್ಲುತ್ತಾಳೆ.

ಎರಡೂ ಕೂಡಿದಾಗ

ಇನ್ನು ಲೆಕ್ಕವನ್ನು ಮುಗಿಸೋಣ. ತಿದ್ದಿದ ಒಲೆಯು ನೂರಕ್ಕೆ ಮೂವತ್ತೈದು ಪಾಲು ಶಾಖವನ್ನು ನೀರಿಗೆ ಮುಟ್ಟಿಸಿದರೆ ಏಳು ಕಿಲೋ ಕಟ್ಟಿಗೆಯ ಜಾಗದಲ್ಲಿ ಎರಡೂವರೆ ಕಿಲೋ ಸಾಕು. ಅದೂ ಮಳೆಗಾಲದ ನಾಲ್ಕು ತಿಂಗಳು ಮಾತ್ರ. ಉಳಿದ ಕಾಲಕ್ಕೆ ಸೂರ್ಯನಿದ್ದಾನೆ. ವರ್ಷಕ್ಕೆ ಎರಡೂವರೆ ಟನ್ನು ಸುಡುತ್ತಿದ್ದ ಮನೆಯು ೩೦೦ ಕಿಲೋ ಆಸುಪಾಸಿನಲ್ಲಿ ಸುಧಾರಿಸಬಹುದು. ಅಷ್ಟಕ್ಕೆ ತೋಟದ ಒಣ ಸೋಗೆ, ತೆಂಗಿನ ಕರಟ, ಅಡಿಕೆಯ ಸಿಪ್ಪೆಗಳೇ ಬಹುಮಟ್ಟಿಗೆ ಸಾಕಾಗುವುವು. ಬೆಟ್ಟಕ್ಕೆ ಕತ್ತಿ ಹಿಡಿದು ಹೋಗುವ ಪ್ರಮೇಯವು ಅಪರೂಪ.

ವಿದ್ಯುತ್ತಿನ ಗೀಸರು ಏಕಾಗದೆಂದು ಕೆಲವರು ಕೇಳಬಹುದು. ಪಟ್ಟಣಕ್ಕೆ ಅದು ಸುಲಭ. ಆದರೆ ನಮ್ಮ ಕಡೆ ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದರೆ ಎರಡು ಮೂರು ದಿನ ದೀಪವೂ ಇಲ್ಲ. ಈಚೆಗೆ 'ಹೀಟ್ ಪಂಪ್' ಎಂಬ ಮತ್ತೊಂದು ಯಂತ್ರವು ಬಂದಿದೆ. ಫ್ರಿಜ್ಜು ಒಳಗಿನ ಶಾಖವನ್ನು ಹೀರಿ ಹಿಂಬದಿಯಿಂದ ಹೊರಗೆ ಬಿಡುವಂತೆ, ಇದು ಸುತ್ತಣ ಗಾಳಿಯ ಶಾಖವನ್ನು ಹೀರಿ ನೀರಿಗೆ ಕೊಡುವುದು. ಗೀಸರಿಗೆ ಮೂರು ಯುನಿಟ್ಟು ಬೇಕಾದ ಕಡೆ ಇದಕ್ಕೆ ಸುಮಾರು ಒಂದೇ ಸಾಕು. ಬೆಲೆ ಹೆಚ್ಚಾದುದರಿಂದ ವಸತಿಗೃಹ, ಆಸ್ಪತ್ರೆಗಳಿಗೆ ಅದು ಹೆಚ್ಚು ಒಪ್ಪುವುದು. ವಿದ್ಯುತ್ತು ತಪ್ಪದ ಊರಿನ ದೊಡ್ಡ ಮನೆಗಳವರೂ ಯೋಚಿಸಬಹುದು. ಅನಿಲದ ಗೀಸರನ್ನು ಮಾತ್ರ ಮುಚ್ಚಿದ ಸ್ನಾನದ ಕೋಣೆಯೊಳಗೆ ಎಂದಿಗೂ ಇಡಬಾರದು. ಅದರ ವಿಷವಾಯುವಿಗೆ ವಾಸನೆಯಿಲ್ಲ, ಪ್ರಾಣಾಪಾಯವು ಎಚ್ಚರಿಕೆ ಕೊಟ್ಟು ಬರುವುದಿಲ್ಲ.

ಸೌರಯಂತ್ರವನ್ನು ತರಿಸುವವರಿಗೆ ನಾಲ್ಕು ಮಾತುಗಳು. ಫಲಕವು ದಕ್ಷಿಣಕ್ಕೆ ಮುಖಮಾಡಿರಲಿ. ದಶಂಬರ ತಿಂಗಳ ಬಿಸಿಲಿನಲ್ಲಿ ಬೆಳಿಗ್ಗೆ ಒಂಬತ್ತರಿಂದ ಮೂರರವರೆಗೆ ನೆರಳು ಬೀಳದ ಜಾಗವನ್ನು ನೋಡಿಯೇ ನಿಲ್ಲಿಸಿರಿ. ನೀರು ತುಂಬಿದ ಯಂತ್ರದ ಭಾರವನ್ನು ಹಳೆಯ ಹಂಚಿನ ಮಾಡು ತಾಳಲಾರದು. ನೆಲದಿಂದ ಬೇರೆ ಕಂಬಗಳ ಮೇಲೆ ನಿಲ್ಲಿಸುವುದು ಕ್ಷೇಮ. ತೊಟ್ಟಿಯಿಂದ ಬಚ್ಚಲಿಗೆ ಬರುವ ಕೊಳವೆಯು ಚಿಕ್ಕದಾಗಿದ್ದು ಹೊದಿಕೆಯಿಂದ ಕೂಡಿರಲಿ. ಗಾಜಿನ ನಳಿಗೆಗಳ ಯಂತ್ರಕ್ಕೆ ಮಂಗಗಳ ಕಾಟವೂ ತೆಂಗಿನಕಾಯಿಯ ಭಯವೂ ಉಂಟೆಂಬುದನ್ನು ಮರೆಯಬಾರದು. ಬಯಲುಸೀಮೆಯ ಗಡಸು ನೀರಿನಲ್ಲಿ ಸುಣ್ಣವು ಕಟ್ಟಿ ಕೊಳವೆಗಳನ್ನು ಮುಚ್ಚುವುದು; ಅಲ್ಲಿಯವರು ಮೊದಲೇ ವಿಚಾರಿಸಿ ಕೊಳ್ಳತಕ್ಕದ್ದು. ಮಕ್ಕಳಿರುವ ಮನೆಯಲ್ಲಿ ಬಕೀಟಿಗೆ ತಣ್ಣೀರನ್ನು ಮೊದಲು ಹಿಡಿದು, ಬಿಸಿನೀರನ್ನು ಆಮೇಲೆ ಬಿಡುವುದು ರೂಢಿಯಾಗಲಿ. ಬಿಸಿಲಿನ ನೀರೂ ಚರ್ಮವನ್ನು ಸುಡಬಲ್ಲದು.

ಎಲ್ಲರಿಗೂ ಯಂತ್ರವನ್ನು ಕೊಳ್ಳುವ ಶಕ್ತಿಯಿರುವುದಿಲ್ಲ. ಅಂತಹವರು ನಿರಾಶರಾಗಬೇಕಾಗಿಲ್ಲ. ಮೊದಲು ಮುಚ್ಚಳ, ಆಮೇಲೆ ಒಣಗಿದ ಕಟ್ಟಿಗೆ, ಆಮೇಲೆ ಜಾಲರಿ, ಆಮೇಲೆ ಹೊಗೆಕೊಳವೆ, ಸೂರ್ಯನು ಕಟ್ಟಕಡೆಗೆ. ಮೊದಲಿನ ಎರಡಕ್ಕೆ ಬಹುತೇಕ ಖರ್ಚೇ ಇಲ್ಲ. ನಾನು ಕಟ್ಟಕಡೆಯದನ್ನು ಮೊದಲು ಮಾಡಿದೆನು. ಹಣವಿದ್ದವನು ಮಾಡುವ ತಪ್ಪು ಅದು. ನಮ್ಮ ತೋಟದ ಕೆಲಸಕ್ಕೆ ಬರುವ ಹೆಂಗಸೊಬ್ಬಳು ನಮ್ಮ ಹೊಸ ಒಲೆಯನ್ನು ನೋಡಿಹೋಗಿ, ಗಂಡನ ಕೈಯಿಂದ ಮಣ್ಣು ಕಲಸಿಸಿ, ತಾನೇ ನಿಂತು ಒಂದನ್ನು ಹಾಕಿಸಿದಳು. ಮೇಸ್ತ್ರಿಯು ಹೋಗಿ ನೋಡಿ, ಸಂದು ನಮ್ಮದಕ್ಕಿಂತ ಸಮನಾಗಿದೆಯೆಂದು ಒಪ್ಪಿಕೊಂಡನು. ಈಗ ನಮ್ಮ ಕೇರಿಯ ಹನ್ನೊಂದು ಮನೆಗಳಲ್ಲಿ ಎಂಟರಲ್ಲಿ ಒಲೆಯು ತಿದ್ದಲ್ಪಟ್ಟಿದೆ. ಐದರಲ್ಲಿ ಸೌರಯಂತ್ರವೂ ಉಂಟು.

ಹಿರಿಯರ ಆಕ್ಷೇಪಣೆಯನ್ನು ಹೇಳದೆ ಬಿಟ್ಟರೆ ಲೇಖನವು ಅಪೂರ್ಣವಾದೀತು. ನೆರೆಮನೆಯ ದೊಡ್ಡಮ್ಮನವರು ಮೊದಲ ವರ್ಷ ನನ್ನನ್ನು ತಡೆದು ನಿಲ್ಲಿಸಿ, "ಮಾಸ್ತರೇ, ಕೊಳವೆಯ ನೀರಿನಲ್ಲಿ ಅಭ್ಯಂಗವಾಗುತ್ತದೆಯೋ? ಹಬ್ಬಕ್ಕೆ ಹಂಡೆಯಿಲ್ಲದ ಮನೆ ಮನೆಯೋ?" ಎಂದು ಕೇಳಿದ್ದರು. ಆಗ ನನ್ನಲ್ಲಿ ಉತ್ತರವಿರಲಿಲ್ಲ, ಈಗ ಇದೆ. ದೀಪಾವಳಿಯು ಬರುವುದು ಮಳೆಯು ಹಿಂದೆ ಸರಿದು ಬಿಸಿಲು ಬಲಿಯುವ ಸಂಧಿಕಾಲದಲ್ಲಿ. ನೀರು ತುಂಬುವ ಹಬ್ಬದ ಸಂಜೆ ನಾವು ಎಂದಿನಂತೆ ಹಂಡೆಯನ್ನು ಬೆಳಗಿ, ಬಳ್ಳಿಯನ್ನು ಸುತ್ತಿ, ಪೂಜಿಸುತ್ತೇವೆ; ಚತುರ್ದಶಿಯ ಬೆಳಗಿನ ಅಭ್ಯಂಗವು ಹಂಡೆಯ ನೀರಿನಿಂದಲೇ ಆಗುವುದು. ಹಬ್ಬ ಕಳೆದ ಮೇಲೆ ಮನೆಯಾಕೆ ಒಲೆಯ ಬೂದಿಯನ್ನು ತೆಗೆದು ತೋಟಕ್ಕೆ ಹಾಕಿ, ತಗಡಿನ ಬಾಗಿಲನ್ನು ಮುಚ್ಚಿ, ಹಂಡೆಯನ್ನು ಬೋರಲು ಹಾಕುವಳು. ಅಂದಿನಿಂದ ಮುಂಗಾರಿನವರೆಗೆ ಬಚ್ಚಲೊಲೆಗೂ ರಜೆ. ಕಳೆದ ವರ್ಷ ಹಾಗೆ ಬಾಗಿಲನ್ನು ಮುಚ್ಚಿ ಬಂದು, ಬೆಳಗಿನ ಬಿಸಿಲು ಬೀಳುತ್ತಿದ್ದ ಜಗುಲಿಯಲ್ಲಿ ಕುಳಿತು, ಮದುವೆಯಾದ ಮೇಲೆ ಮೊದಲ ಸಲವೋ ಏನೋ, ನನ್ನ ಸ್ನಾನವಾಗುವುದಕ್ಕೆ ಮೊದಲೇ ಆಕೆ ನೆಮ್ಮದಿಯಾಗಿ ಒಂದು ಲೋಟ ಕಾಫಿ ಕುಡಿದಳು.

ಗೃಹಸ್ಥರಾದ ವಾಚಕರೇ, ನಾಳೆಯ ಬೆಳಿಗ್ಗೆ ನೀವು ಒಂದು ಗಳಿಗೆ ಮೊದಲೇ ಎದ್ದು ನಿಮ್ಮ ಮನೆಯ ಬಚ್ಚಲಿನಲ್ಲಿ ನಿಂತು ನೋಡಿರಿ. ಕಣ್ಣು ಉರಿದರೆ, ಕೆಲಸವು ಎಲ್ಲಿಂದ ಆರಂಭವಾಗಬೇಕೆಂಬುದನ್ನು ನಿಮಗೆ ಬೇರೆ ಯಾರೂ ಹೇಳಬೇಕಾಗುವುದಿಲ್ಲ.